ಮಂಜರಾಬಾದ್ ಕೋಟೆಗೆ ಹೋಗುವವರೇ, ಡ್ರೋನ್ ಫೋಟೊಗೆ ಮುಂಗಡ ಕೊಡಬೇಡಿ

ಸಕಲೇಶಪುರದ ಮಂಜರಾಬಾದ್ ಕೋಟೆಯ ಬುಡದಲ್ಲಿ ‘ಡ್ರೋನ್ ಫೋಟೊ ತೆಗೆದುಕೊಡುತ್ತೇನೆ ಸಾರ್’ ಎಂದು ಹಿಂದೆ ಬೀಳುವವನಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ನಾನು ಎರಡು ಸಾವಿರ ಕೊಟ್ಟು ಬಂದಿದ್ದೇನೆ. ಅದೂ ಅರಸೀಕೆರೆಯಿಂದ ಬಂದಿದ್ದ ಹೆಂಡತಿಯ ತವರಿನವರ ಮುಂದೆ!

ಟಿಪ್ಪು ಕಟ್ಟಿಸಿದ, 1792ರಲ್ಲಿ ಮುಗಿದ, ಎಂಟು ಮೂಲೆಯ ನಕ್ಷತ್ರದಂಥ ಕೋಟೆ ಎಂದು ಎಲ್ಲರಿಗೂ ಗೊತ್ತು. ಆದರೆ ಮೆಟ್ಟಿಲು ಹತ್ತಿ ಒಳಗೆ ನಿಂತರೆ ನಕ್ಷತ್ರ ಎಲ್ಲಿ ಕಾಣುತ್ತದೆ? ಗೋಡೆ, ನಡುವೆ ಶಿಲುಬೆಯಾಕಾರದ ಕೊಳ, ಅಷ್ಟೆ. ನಕ್ಷತ್ರ ಬೇಕೆಂದರೆ ಆಕಾಶದಿಂದಲೇ ತೆಗೆಯಬೇಕು. ಇವನ ದಂಧೆ ನಡೆಯುವುದೇ ಅದರ ಮೇಲೆ.

“ನೀವೆಲ್ಲ ಕೊಳದ ಸುತ್ತ ನಿಂತು ಮೇಲೆ ನೋಡಿ, ನಾನು ಹೊರಗಿನ ದಿಬ್ಬದಿಂದ ಹಾರಿಸುತ್ತೇನೆ” ಎಂದ. ಮಾರ್ಚ್ ತಿಂಗಳ ಬಿಸಿಲು. ಎಪ್ಪತ್ತು ದಾಟಿದ ಅತ್ತೆಯವರೂ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತ ನಿಂತರು. ಡ್ರೋನ್ ಕಾಣಲಿಲ್ಲ, ಸದ್ದೂ ಇಲ್ಲ. ಕೇಳಿದರೆ, “ಗಾಳಿ ಜೋರಾಗಿದೆ ಸಾರ್, ಕೇಳಿಸುವುದಿಲ್ಲ.”

ವಾರ ಕಳೆದ ಮೇಲೆ ಫೋಟೊ ಬಂತು. ಚೆನ್ನಾಗಿಯೇ ಇತ್ತು, ಹಾಳಾದ್ದು! ಖುಷಿಯಲ್ಲಿ ಮನೆಯವರ ಗುಂಪಿಗೆಲ್ಲ ಕಳಿಸಿಬಿಟ್ಟೆ. ಅತ್ತೆಯವರಿಂದ ಧ್ವನಿ ಸಂದೇಶ: “ಅಳಿಯಂದಿರೇ, ಇದರಲ್ಲಿ ನಾನೆಲ್ಲಿದ್ದೇನೆ?” ದೊಡ್ಡದು ಮಾಡಿ ನೋಡಿದೆ. ನಾವು ನಿಂತಿದ್ದ ಹುಲ್ಲು ಒಣಗಿ ಕಂದಾಗಿತ್ತು. ಇಲ್ಲಿ ಗೋಡೆಯ ಮೇಲೆಲ್ಲ ಹಸಿರು. ಕೊಳದ ಪಕ್ಕ ಯಾರೋ ಒಬ್ಬರು ಕೊಡೆ ಹಿಡಿದು ನಿಂತಿದ್ದಾರೆ. ನಮ್ಮವರು ಒಬ್ಬರೂ ಇಲ್ಲ.

ಕೇಳಿದೆ. “ಬಣ್ಣ ತಿದ್ದಿದ್ದೇವೆ ಸಾರ್, ಎಲ್ಲರೂ ಹಸಿರೇ ಕೇಳುತ್ತಾರೆ.” ನಾವೇಕಿಲ್ಲ? “ಅಷ್ಟು ಎತ್ತರದಿಂದ ಜನ ಕಾಣುವುದಿಲ್ಲ.” ಹಾಗಾದರೆ ಕೊಡೆ ಹಿಡಿದವರು ಯಾರು? ಸಂಜೆಯವರೆಗೆ ಉತ್ತರವಿಲ್ಲ. ಆಮೇಲೆ, “ಕೋಟೆ ಅದೇ ಅಲ್ಲವೇ ಸಾರ್?”

ಕೋಟೆ ಅದೇ ಅಂತೆ! ಬರೀ ಕೋಟೆಯ ಫೋಟೊ ಬೇಕಿದ್ದರೆ ಮನೆಯಲ್ಲೇ ಕುಳಿತು ಪುಕ್ಕಟೆಯಾಗಿ ನೋಡಬಹುದಿತ್ತು. ಅದಕ್ಕೆ ವಯಸ್ಸಾದವರು ಬಿಸಿಲಿನಲ್ಲಿ ಕತ್ತೆತ್ತಿ ನಿಲ್ಲಬೇಕಿತ್ತೇ?

ಡ್ರೋನ್ ನಿಮ್ಮ ಕಣ್ಣೆದುರೇ ಮೇಲೇರಲಿ, ಅವನ ಪರದೆಯಲ್ಲಿ ನಿಮ್ಮವರು ಕಾಣಲಿ, ಆಮೇಲೆ ದುಡ್ಡು. 250 ಗ್ರಾಂ ಮೀರಿದ ಡ್ರೋನ್‌ಗೆ 2021ರ ನಿಯಮಗಳಂತೆ ನೋಂದಣಿ ಸಂಖ್ಯೆ ಇರಲೇಬೇಕು, ಅದನ್ನೂ ಕೇಳಿ. ಈ ಮಹಾಶಯನ ಬಳಿ ಡ್ರೋನ್ ಇತ್ತೋ ಇಲ್ಲವೋ ಎಂಬುದೇ ನನಗಿನ್ನೂ ಅನುಮಾನ. ನಿನ್ನೆ ಮತ್ತೆ ಸಂದೇಶ ಹಾಕಿದ್ದಾನೆ: “ಸಾರ್, ಬಾಕಿ ಹಣ ಯಾವಾಗ ಹಾಕುತ್ತೀರಿ?”