ಮೋಸೆಲ್‌ನ ಎರಡು ಇಳಿಜಾರು: ಹಿಮ್ಮೆಲ್‌ರೈಶೋ, ಸೊನ್ನೆನೂರೋ?

ಜರ್ಮನಿಯ ಮೋಸೆಲ್ ಕಣಿವೆಯ ಜೆ.ಜೆ. ಪ್ರ್ಯೂಮ್ ಮನೆತನದ ವೈನ್ ಕೊಳ್ಳಲು ಹೊರಟವರಿಗೆ ಒಂದು ಪ್ರಶ್ನೆ ಎದುರಾಗಿಯೇ ಆಗುತ್ತದೆ. ಗ್ರಾಖ್ ಹಳ್ಳಿಯ ಹಿಮ್ಮೆಲ್‌ರೈಶ್ ತೋಟದ್ದು ಬೇಕೋ, ವೇಲೆನ್ ಹಳ್ಳಿಯ ಸೊನ್ನೆನೂರ್ ತೋಟದ್ದು ಬೇಕೋ? ಎರಡೂ ರೀಸ್ಲಿಂಗ್ ದ್ರಾಕ್ಷಿ. ಎರಡೂ ನದಿಯ ಒಂದೇ ದಡದಲ್ಲಿವೆ. ಹುದುಗಿಸುವ ಕೈಯೂ ಅದೇ. ಆದರೂ ಹೆಸರಿನಲ್ಲಿ ಸೊನ್ನೆನೂರ್ ಯಾವಾಗಲೂ ಒಂದು ಮೆಟ್ಟಿಲು ಮೇಲೆ. ಒಂದೇ ವರ್ಷದ, ಒಂದೇ ದರ್ಜೆಯ ಬಾಟಲಿಗಳನ್ನು ಜೋಡಿಯಾಗಿ ತೆರೆದು ಕುಡಿಯುತ್ತ ಬಂದಿರುವ ನನಗೆ, ಈ ಮೇಲು ಕೀಳು ಎಲ್ಲ ವರ್ಷಕ್ಕೂ ಒಪ್ಪುವ ಮಾತಲ್ಲ ಎನ್ನುವುದು ಖಚಿತವಾಗಿದೆ.

ಇಲ್ಲಿನ ನೆಲವೆಂದರೆ ಸ್ಲೇಟು. ಮಕ್ಕಳು ಬಳಪ ಹಿಡಿದು ಬರೆಯುತ್ತಿದ್ದ ಅದೇ ನೀಲಿಬೂದು ಕಲ್ಲು ಚಕ್ಕೆಚಕ್ಕೆಯಾಗಿ ಒಡೆದು ಗುಡ್ಡದ ತುಂಬ ಹರಡಿದೆ. 50 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ, ದ್ರಾಕ್ಷಿ ಹಣ್ಣಾಗುವುದೇ ದುಸ್ತರವಾದ ಚಳಿಯಲ್ಲಿ, ಈ ಕಲ್ಲು ಹಗಲೆಲ್ಲ ಬಿಸಿಲು ಹೀರಿ ಕತ್ತಲಾದ ಮೇಲೆ ಬಳ್ಳಿಗೆ ಬಿಟ್ಟುಕೊಡುತ್ತದೆ. ಕೆಳಗಿನ ನದಿಯಿಂದಲೂ ಬೆಳಕು ಚಿಮ್ಮಿ ಮೇಲೆ ಬರುತ್ತದೆ. ಸೊನ್ನೆನೂರ್‌ನ ಇಳಿಜಾರು ಕೆಲವೆಡೆ ಶೇ. 70ರಷ್ಟು ಕಡಿದು, ಮಣ್ಣು ತೆಳು, ಅದರಡಿ ಬಂಡೆ. ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಬಿಸಿ ಮಾತ್ರ ಬೇಗ ಏರುತ್ತದೆ. 1842ರಲ್ಲಿ ಯೊಡೋಕುಸ್ ಪ್ರ್ಯೂಮ್ ತೋಟದಲ್ಲಿ ದುಡಿಯುವವರಿಗೆ ಹೊತ್ತು ತಿಳಿಯಲೆಂದು ನೆರಳು ಗಡಿಯಾರ ಕಟ್ಟಿಸಿದ್ದು ಈ ಗುಡ್ಡದಲ್ಲೇ. ಬಿಸಿಲು ತಪ್ಪದ ಜಾಗವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. (ಈಗಿನ ಜೆ.ಜೆ. ಪ್ರ್ಯೂಮ್ ವೈನ್ ಸಂಸ್ಥೆ ಹುಟ್ಟಿದ್ದು 1911ರಲ್ಲಿ, ಮನೆತನದ ಆಸ್ತಿ ಪಾಲಾದಾಗ.) ಹಿಮ್ಮೆಲ್‌ರೈಶ್‌ನಲ್ಲಿಯೂ ಸ್ಲೇಟೇ, ಆದರೆ ಮಣ್ಣು ಆಳವಾಗಿದೆ, ತೇವ ಹಿಡಿದಿಟ್ಟುಕೊಳ್ಳುತ್ತದೆ.

ಈ ತೇವದ ಬೆಲೆ ಗೊತ್ತಾಗಿದ್ದು 2018ರ ಕ್ಯಾಬಿನೆಟ್ ದರ್ಜೆಯ ಜೋಡಿಯಲ್ಲಿ. ಬಿರುಬೇಸಿಗೆಯ, ಮಳೆ ಕಾಣದ ವರ್ಷ ಅದು. ಸೊನ್ನೆನೂರ್ ಗ್ಲಾಸಿನಲ್ಲಿ ಮಾಗಿದ ಪೀಚ್ ಹಣ್ಣಿನ ಘಮ ತುಂಬಿತ್ತು, ಆದರೆ ಬಾಯಲ್ಲಿ ಭಾರ. ಸಿಹಿ ಮುಂದೆ ನಿಂತು ಹುಳಿ ಹಿಂದೆ ಸರಿದಿತ್ತು. ಕ್ಯಾಬಿನೆಟ್ ಎನ್ನುವುದು ಹಗುರವಾಗಿರಬೇಕಾದ ದರ್ಜೆ, ಇದು ಅದರ ಮೇಲಿನ, ಹೆಚ್ಚು ಮಾಗಿದ ಹಣ್ಣಿನ ದರ್ಜೆಯಾದ ಸ್ಪೇಟ್‌ಲೇಸೆಯ ತೂಕಕ್ಕೆ ಬಂದುಬಿಟ್ಟಿತ್ತು. ಹಿಮ್ಮೆಲ್‌ರೈಶ್ ಅದರ ಪಕ್ಕದಲ್ಲೇ ಗರಿಗರಿ. ಹಸಿರು ಸೇಬು, ನಿಂಬೆ ಸಿಪ್ಪೆ, ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಉಳಿಯುವ ಒಂದು ಉಪ್ಪುಪ್ಪು ರುಚಿ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಕುಡಿದಾಗಲೂ ಅದರ ಚುರುಕು ಇಳಿದಿರಲಿಲ್ಲ. ಬಾಯಾರಿ ಕಂಗೆಡದ ಬಳ್ಳಿ ನಿಧಾನವಾಗಿ ಹಣ್ಣಾಗಿದೆ ಎನ್ನುವುದೇ ನನ್ನ ಊಹೆ.

2021ರಲ್ಲಿ ಕಥೆ ಪೂರ್ತಿ ತಿರುಗುಮುರುಗು. ತಂಪು, ಮಳೆ, ತಡವಾದ ಕೊಯ್ಲು. ಹಿಮ್ಮೆಲ್‌ರೈಶ್ ಹಲ್ಲು ಚುಳ್ಳೆನ್ನುವಷ್ಟು ಹುಳಿ. ರುಚಿ ಸೇಬಿನಿಂದಾಚೆಗೆ ಹೋಗಲಿಲ್ಲ. ಸೊನ್ನೆನೂರ್‌ಗೂ ಹುಳಿ ಕಡಿಮೆಯಿರಲಿಲ್ಲ, ಆದರೆ ಅದನ್ನು ಹೊರುವ ಮೈ ಅದಕ್ಕಿತ್ತು: ಬಿಳಿ ಪೀಚ್, ಮಳೆ ಬಿದ್ದ ಕಲ್ಲಿನ ವಾಸನೆ, ಕೊನೆಯಲ್ಲಿ ಬೆಣ್ಣೆಯಷ್ಟು ನಯ. ಕಲ್ಲು ಕೂಡಿಟ್ಟ ಬಿಸಿ ಇಂಥ ವರ್ಷದಲ್ಲಿ ಕೈ ಹಿಡಿಯುತ್ತದೆ. ಈ ಬಾಟಲಿ ನನಗೆ ಇಂದಿಗೂ ಅಚ್ಚುಮೆಚ್ಚು.

ಎಳೆಯ ಬಾಟಲಿ ತೆರೆಯುವವರಿಗೆ ಒಂದು ಎಚ್ಚರಿಕೆ. ಪ್ರ್ಯೂಮ್ ವೈನ್‌ಗಳು ತಂತಾನೆ ಬರುವ ಯೀಸ್ಟಿನಲ್ಲಿ ಹುದುಗಿದವು. ಮೊದಲ ಕೆಲವು ವರ್ಷ ಬೆಂಕಿಕಡ್ಡಿ ಗೀರಿದಂಥ ಗಂಧಕದ ವಾಸನೆ ಇರುತ್ತದೆ, ಆಗ ಯಾವ ಗುಡ್ಡ ಯಾವುದೆಂದು ಮೂಗಿಗೆ ತಿಳಿಯದು. ಜಗ್ಗಿಗೆ ಸುರಿದು ಗಾಳಿಯಾಡಲು ಬಿಟ್ಟು ಆಮೇಲೆ ಹೋಲಿಸಿ.

ಈ ಜೋಡಿಯ ಪಕ್ಕದಲ್ಲಿ ಎಗಾನ್ ಮುಲ್ಲರ್ ಕುಟುಂಬದ ಶಾರ್ಟ್ಸ್‌ಹೋಫ್‌ಬರ್ಗರ್ ಗುಡ್ಡದ ವೈನ್ ಇಟ್ಟು ನೋಡಿದರೆ ಹವೆ ಏನು ಮಾಡಬಲ್ಲದೆಂದು ಇನ್ನೂ ನಿಚ್ಚಳವಾಗುತ್ತದೆ. ಮೋಸೆಲ್‌ನ ಉಪನದಿ ಸಾರ್ ಬಳಿಯ ಈ ಗುಡ್ಡದ ತೋಟವನ್ನು ಕುಟುಂಬದ ಪೂರ್ವಜರು ಕೊಂಡದ್ದು 1797ರಲ್ಲಿ, ಫ್ರೆಂಚ್ ಆಡಳಿತ ಮಠದ ಆಸ್ತಿಯನ್ನು ವಶಪಡಿಸಿಕೊಂಡು ಮಾರಿದಾಗ. ಇಲ್ಲೂ ಸ್ಲೇಟೇ. ಆದರೆ ಗುಡ್ಡ ನದಿಯಿಂದ ದೂರ, ಪಕ್ಕದ ಕಣಿವೆಯಲ್ಲಿದೆ. ಬುಡದಲ್ಲಿ ಬೆಚ್ಚಗಿಡುವ ನೀರಿಲ್ಲ, ತಣ್ಣನೆಯ ಗಾಳಿಗೆ ತಡೆಯಿಲ್ಲ. ಕ್ಯಾಬಿನೆಟ್ ಕುಡಿದರೆ ಪೀಚ್‌ನ ಸುಳಿವು ಕಡಿಮೆ; ಗಿಡಮೂಲಿಕೆಯ ಘಮ ಮೊದಲು, ಹಿಂದೆಯೇ ದಾರದಷ್ಟು ಸಪೂರವಾಗಿ, ಎಷ್ಟು ಹೊತ್ತಾದರೂ ಮುಗಿಯದ ಹುಳಿ. ಗುಣದಲ್ಲಿ ಮೂರರಲ್ಲಿ ಇದೇ ಮೇಲು ಎಂದು ಒಪ್ಪುತ್ತೇನೆ. ಆದರೆ ಬೆಲೆ ಎಟುಕುವಂಥದ್ದಲ್ಲ, ಎಳೆಯದರಲ್ಲಿ ಮಾತೂ ಕಡಿಮೆ. ಹತ್ತು ವರ್ಷ ಇಡುವ ತಾಳ್ಮೆಯಿದ್ದವರು ಕೊಳ್ಳಲಿ.

ನನ್ನ ಕೊಳ್ಳುವಿಕೆ ಈಗ ವರ್ಷ ನೋಡಿಕೊಂಡು: ಬೇಸಿಗೆ ಸುಟ್ಟ ವರ್ಷವಾದರೆ ಹಿಮ್ಮೆಲ್‌ರೈಶ್ ಕ್ಯಾಬಿನೆಟ್, ತಂಪಿನ ವರ್ಷವಾದರೆ ಸೊನ್ನೆನೂರ್. ಸ್ಪೇಟ್‌ಲೇಸೆ ಮತ್ತು ಅದರ ಮೇಲಿನ ದರ್ಜೆಗಾದರೆ, ವರ್ಷ ಯಾವುದೇ ಇರಲಿ, ಸೊನ್ನೆನೂರ್‌ಗೇ ದುಡ್ಡು ಹಾಕುತ್ತೇನೆ. ಅಷ್ಟು ಸಿಹಿಯನ್ನು ಹೊತ್ತು ವರ್ಷಗಟ್ಟಲೆ ನಿಲ್ಲಲು ಆ ತೆಳು ಮಣ್ಣಿನ ಹಣ್ಣಿಗೆ ಆಗುವಷ್ಟು ಪಕ್ಕದ ತೋಟದ್ದಕ್ಕೆ ಆಗುವುದಿಲ್ಲ.