ಗೇರ್ ತೊಂದರೆ ಅಂತ ಗಾಡಿ ಬಿಡ್ತೀರಾ? ಜಾಬ್ ಕಾರ್ಡ್ ಓದದೆ ಸಹಿ ಹಾಕಬೇಡಿ

ಬೆಳಗಾವಿ ಕಡೆ ಎಎಂಟಿ ಗಾಡಿ, ಅಂದ್ರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಾಯಿಸೋ ಕಾರು, ಇಟ್ಟುಕೊಂಡವರು ಇದನ್ನೊಮ್ಮೆ ಓದಿ. ಶೋರೂಮ್ ಹೆಸರು ಹಾಕೋದಿಲ್ಲ. ಗ್ರಾಹಕ ಆಯೋಗಕ್ಕೆ ದೂರು ಕೊಡೋ ತಯಾರಿಯಲ್ಲಿದ್ದೇನೆ, ಸುಮ್ನೆ ಇನ್ನೊಂದು ತಲೆನೋವು ಬೇಡ.

ಗಾಡಿ ತಗೊಂಡದ್ದು 2022ರಲ್ಲಿ, 3 ವರ್ಷ ವಾರಂಟಿ. ಎರಡು ವರ್ಷ ಚೆನ್ನಾಗೇ ಓಡಿತು. ಆಮೇಲೊಂದು ದಿನ ಗೋವಾದಿಂದ ವಾಪಸ್ ಬರುವಾಗ ಚೋರ್ಲಾ ಘಾಟಿನ ಏರಿನಲ್ಲಿ ಗಾಡಿ ಒಮ್ಮೆ ಜಗ್ಗಿತು, ಮೀಟರಿನಲ್ಲಿ 2 ಅಂತ ಇದ್ದದ್ದು ಹೋಗಿ ಎನ್ (ನ್ಯೂಟ್ರಲ್) ಮಿನುಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಬರೀ ಕೂಗುತ್ತೆ, ಗಾಡಿ ಹಿಂದಕ್ಕೆ ಜಾರುತ್ತೆ. ಹಿಂದೆ ಲಾರಿ. ಪಕ್ಕದಲ್ಲಿ ಅವ್ವ. ಹ್ಯಾಂಡ್‌ಬ್ರೇಕ್ ಎಳೆದು, ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಟಿತು! ಈ ರೋಗದ ಕೆಟ್ಟ ಗುಣವೇ ಇದು, ಡಾಕ್ಟರ ಮುಂದೆ ಹೋದಾಗ ಜ್ವರ ಇರೋದಿಲ್ಲ.

ಮರುದಿನ ಸರ್ವಿಸ್ ಸೆಂಟರಿಗೆ ಹೋದೆ. ಅಡ್ವೈಸರ್ ಒಂದು ರೌಂಡ್ ಹೊಡೆದು ಬಂದ. "ಸರ, ಎಎಂಟಿ ಅಂದ್ರ ಹಿಂಗರೀ, ಸ್ವಲ್ಪ ಜರ್ಕ್ ಇರತೈತಿ. ಏರಿನ್ಯಾಗ ಆಕ್ಸಿಲರೇಟರ್ ಮ್ಯಾಲೆ ಗಾಡಿ ನಿಲ್ಲಿಸಬ್ಯಾಡ್ರಿ, ಬ್ರೇಕ್ ಹಿಡೀರಿ." ಮಾತು ಪೂರ್ತಿ ಸುಳ್ಳಲ್ಲ, ಹಾಗೆ ನಿಲ್ಲಿಸಿದರೆ ಕ್ಲಚ್ ಪ್ಲೇಟ್ ಸುಡೋದು ನಿಜ. ಆದರೆ ಓಡುತ್ತಿರೋ ಗಾಡಿ ತಾನಾಗೇ ನ್ಯೂಟ್ರಲ್‌ಗೆ ಬೀಳೋದಕ್ಕೂ ಅದಕ್ಕೂ ಏನಪ್ಪಾ ಸಂಬಂಧ ಅಂತ ಕೇಳಿದ್ದಕ್ಕೆ, "ಸಾಫ್ಟ್‌ವೇರ್ ಅಪ್‌ಡೇಟ್ ಮಾಡೇವ್ರಿ, ಇನ್ನ ಬರೂದಿಲ್ಲ" ಅಂದ. ಜಾಬ್ ಕಾರ್ಡಿಗೆ, ಅಂದ್ರೆ ನಮ್ಮ ದೂರು ಮತ್ತು ಮಾಡೋ ಕೆಲಸ ಬರೆಯೋ ಕಾಗದಕ್ಕೆ, ಸಹಿ ಹಾಕಿ ಬಂದೆ. ಚಹಾ ಚಲೋ ಇತ್ತು, ಅದನ್ನು ಒಪ್ಪಬೇಕು.

ಮುಂದಿನ ಒಂದು ವರ್ಷದಲ್ಲಿ ಇನ್ನೂ ಮೂರು ಸಲ ಹೀಗೇ ಆಯಿತು. ಒಮ್ಮೆಯಂತೂ ಕಪಿಲೇಶ್ವರ ಓವರ್‌ಬ್ರಿಡ್ಜ್ ಮೇಲೆ, ಸಂಜೆ ಟ್ರಾಫಿಕ್‌ನಲ್ಲಿ. ಪ್ರತಿ ಸಲ ಹೋದಾಗಲೂ "ಸ್ಕ್ಯಾನರ್‌ನಾಗ ಏನೂ ತೋರಿಸವಲ್ದರೀ". ನಾಲ್ಕನೇ ಸಲ ಕ್ಲಚ್ ಸವೆದಿದೆ, ಅದು ವಾರಂಟಿಗೆ ಬರೋದಿಲ್ಲ ಅಂತ 19,600 ರೂಪಾಯಿ ತಗೊಂಡು ಹೊಸ ಸೆಟ್ ಹಾಕಿದರು. ಹನ್ನೊಂದನೇ ದಿನಕ್ಕೆ ಮತ್ತೆ ಎನ್.

ಆಗ ಉದ್ಯಮಬಾಗಿನ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಹೇಳಿದ್ದು ಸರಳ. ಎಎಂಟಿ ಒಳಗಿರೋದು ಮಾಮೂಲಿ ಗೇರ್‌ಬಾಕ್ಸೇ, ನಮ್ಮ ಎಡಗಾಲು ಎಡಗೈ ಮಾಡೋ ಕೆಲಸವನ್ನು ಆಕ್ಚುಯೇಟರ್ ಮಾಡುತ್ತೆ ಅಷ್ಟೇ. ನನ್ನ ಗಾಡಿಯಲ್ಲಿ ಅದಕ್ಕೆ ಒಂದು ಸಣ್ಣ ಪಂಪ್ ಆಯಿಲ್ ಪ್ರೆಶರ್ ಕೊಡುತ್ತೆ, ಬಿಸಿಯಾದಾಗ ಪ್ರೆಶರ್ ಇಳಿದರೆ ಗೇರ್ ನಿಲ್ಲೋದಿಲ್ಲ. ಆಮೇಲೆ ಸ್ಕ್ಯಾನರ್ ನನ್ನ ಕಡೆ ತಿರುಗಿಸಿ ಒಂದು ಸಾಲು ತೋರಿಸಿದ. ಕೋಡ್ ಅಳಿಸಿದ ಮೇಲೆ ಓಡಿದ ದೂರ: 214 ಕಿ.ಮೀ. ಕೋಡ್ ಅಂದ್ರೆ ಗಾಡಿಯ ಕಂಪ್ಯೂಟರ್ ಬರೆದಿಟ್ಟುಕೊಳ್ಳೋ ದೋಷದ ಗುರುತು. ಡ್ಯಾಶ್‌ಬೋರ್ಡ್ ಡ್ರಾದಿಂದ ಕ್ಲಚ್ ಬಿಲ್ ತೆಗೆದು, ಅದರಲ್ಲಿ ಬರೆದ ಕಿಲೋಮೀಟರ್ ಕಳೆದು ನೋಡಿದೆ. ಸರಿಯಾಗಿ 214! ಅಂದ್ರೆ ಕ್ಲಚ್ ಹಾಕಿದ ದಿನವೇ ಇವರು ಸ್ಕ್ಯಾನರ್ ಹಚ್ಚಿ ಅಳಿಸಿದ್ದಾರೆ. ಅಳಿಸುವ ಮೊದಲು ಅಲ್ಲಿ ಏನಿತ್ತು ಅಂತ ನನಗೆ ಯಾರೂ ತೋರಿಸಲಿಲ್ಲ.

ಸಿಟ್ಟಿನಲ್ಲಿ ಶೋರೂಮಿಗೆ ಹೋದರೆ ಹೊಸ ಕಥೆ. ವಾರಂಟಿ ಮುಗಿದು 6 ದಿನ ಆಗಿದೆ, ಆಕ್ಚುಯೇಟರಿಗೆ 62,000 ರೂಪಾಯಿ ಆಗುತ್ತೆ. ಮೊದಲಿಂದಲೂ ಹೇಳ್ತಾ ಇದ್ದೀನಲ್ಲ ಅಂದರೆ, ಮ್ಯಾನೇಜರ್ ಕಂಪ್ಯೂಟರ್ ನೋಡಿ "ಹಿಸ್ಟರಿಯೊಳಗ ಗೇರ್ ಕಂಪ್ಲೇಂಟೇ ಇಲ್ಲಲ್ರೀ" ಅಂದರು. ಮನೆಗೆ ಬಂದು ಹಳೇ ಜಾಬ್ ಕಾರ್ಡ್ ಹರವಿಕೊಂಡು ಕುಳಿತೆ. ಮೂರರಲ್ಲಿ 'ಜನರಲ್ ಚೆಕಪ್, ವಾಷಿಂಗ್'. ಒಂದರಲ್ಲಿ 'ಗ್ರಾಹಕರ ಕೋರಿಕೆಯಂತೆ ಕ್ಲಚ್ ಬದಲಾವಣೆ'. ನಾನ್ಯಾವಾಗ ಕೋರಿದೆ ಮಾರಾಯ್ರೇ? ಆದರೆ ನಾಲ್ಕರ ಕೆಳಗೂ ಸಹಿ ನನ್ನದೇ.

ಉಳಿಸಿದ್ದು ವಾಟ್ಸಾಪ್. ಎನ್ ಮಿನುಗುತ್ತಿದ್ದ ವಿಡಿಯೊ ಎರಡು ಸಲ ಅಡ್ವೈಸರಿಗೆ ಕಳಿಸಿದ್ದೆ, ಅವನು ಬೆರಳೆತ್ತಿದ ಗುರುತು ಹಾಕಿ ಸುಮ್ಮನಾಗಿದ್ದ. ವಾರಂಟಿ ಒಳಗಿನ ತಾರೀಖು ಇದ್ದವು. ಅವನ್ನು ಹಾಕಿ ಕಂಪನಿಗೆ ಇಮೇಲ್ ಬರೆದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ನೋಂದಾಯಿಸಿದೆ. ಮೂರು ವಾರಕ್ಕೆ ಅದೇ ಮ್ಯಾನೇಜರ್ ಫೋನ್ ಮಾಡಿದರು. ಆಕ್ಚುಯೇಟರ್ ಕಂಪನಿ ಲೆಕ್ಕದಲ್ಲಿ, ಕೂಲಿ ಮಾತ್ರ ನನ್ನದು. ಕ್ಲಚ್ ದುಡ್ಡು ಕೊಡೋದಿಲ್ಲವಂತೆ.

ಅದಕ್ಕೇ ಈಗ ಜಿಲ್ಲಾ ಗ್ರಾಹಕ ಆಯೋಗದ ದಾರಿ. 2019ರ ಕಾಯ್ದೆ ಪ್ರಕಾರ ನಾವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ವಕೀಲರು ಬೇಕೇ ಬೇಕು ಅಂತೇನಿಲ್ಲ. ನಾವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ತೊಂದರೆ ಆದ 2 ವರ್ಷದೊಳಗೆ ಹಾಕಬೇಕು, ಅದನ್ನು ಮರೀಬೇಡಿ.

ನಿಮ್ಮ ಗಾಡಿಗೂ ಹೀಗಾಗ್ತಿದ್ರೆ ಮೊದಲು ವಿಡಿಯೊ ಮಾಡಿ, ಆದರೆ ಗಾಡಿ ನಿಲ್ಲಿಸಿ ಅಥವಾ ಪಕ್ಕದವರ ಕೈಲಿ ಮಾಡಿಸಿ. ಸ್ಕ್ಯಾನರ್ ಹಚ್ಚಿದಾಗ ಪಕ್ಕದಲ್ಲೇ ನಿಂತು, ಕೋಡ್ ಅಳಿಸುವ ಮೊದಲು ಸ್ಕ್ರೀನಿನ ಫೋಟೊ ತಗೊಳ್ಳಿ. ಜಾಬ್ ಕಾರ್ಡಿನಲ್ಲಿ ನೀವು ಹೇಳಿದ ಮಾತೇ ಇರಬೇಕು, ಅವರ 'ಜನರಲ್ ಚೆಕಪ್' ಅಲ್ಲ.

ಮೊನ್ನೆ ಮಾಮೂಲಿ ಸರ್ವಿಸ್‌ಗೆ ಹೋಗಿದ್ದೆ. ಅಡ್ವೈಸರ್ ಮತ್ತೆ ಅದನ್ನೇ ಬರೆದು ಪೆನ್ ಕೈಗಿಟ್ಟ. ಗೇರ್ ವಿಷಯ ಪೂರ್ತಿ ಬರಿ, ಆಮೇಲೆ ಸಹಿ ಅಂದೆ.

"ಅಷ್ಟೆಲ್ಲಾ ಬರೀಲಿಕ್ಕೆ ಜಾಗಾ ಇಲ್ರೀ ಸರ."

ಕಾಗದ ತಿರುವಿ ಇಟ್ಟೆ. ಹಿಂದೆಲ್ಲಾ ಖಾಲಿ ಇತ್ತು.