ಮಣ್ಣಿನ ಮಾಳಿಗೆ ಮೇಲೆ ಸಿಮೆಂಟ್ ಹಾಕಿಸುವ ಮುಂಚೆ

ಮಾಳಿಗೆ ಮನೆ, ಅಂದರೆ ಮರದ ತೊಲೆಗಳ ಮೇಲೆ ಮಣ್ಣಿನ ಚಪ್ಪಟೆ ಚಾವಣಿಯ ಮನೆ ಇರುವವರು, ಅದರಲ್ಲೂ ಹಿರಿಯೂರು, ಚಳ್ಳಕೆರೆ ಕಡೆಯವರು ದಯವಿಟ್ಟು ಓದಿ. ಸೋರುತ್ತದೆ ಅಂತ ಮೇಲೆ ಸಿಮೆಂಟ್ ಹಾಕಿಸಬೇಡಿ. ನಾವು ಹಾಕಿಸಿದೆವು. ಮೂರನೇ ಮಳೆಗಾಲಕ್ಕೆ ಅಡುಗೆಮನೆ ತೊಲೆ ಮುರಿಯಿತು.

ನಮ್ಮದು ಹಿರಿಯೂರು ತಾಲ್ಲೂಕಿನ ಹಳ್ಳಿ. ಮನೆ ಮುತ್ತಜ್ಜನ ಕಾಲದ್ದು. ಕಂಬ, ಕಂಬದ ತಲೆ ಮೇಲೆ ಬೋದಿಗೆ, ಅದರ ಮೇಲೆ ದಪ್ಪ ತೊಲೆ, ತೊಲೆಗೆ ಅಡ್ಡಲಾಗಿ ಸಣ್ಣ ಮರದ ಜಂತೆ, ಅದರ ಮೇಲೆ ಸೊಪ್ಪು, ಮಣ್ಣು, ಕೊನೆಗೆ ಕರಲು, ಅಂದರೆ ನೀರು ಬಿಡದ ಚೌಳು ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಅಪ್ಪ ಗಾಡಿಯಲ್ಲಿ ಕರಲು ತರಿಸಿ ಹರಡಿಸುತ್ತಿದ್ದರು. ಅಪ್ಪ ಹೋದ ಮೇಲೆ ಅದು ನಿಂತಿತು. ನಾನು, ತಮ್ಮ ಇಬ್ಬರೂ ಬೆಂಗಳೂರಲ್ಲಿ. ಊರಲ್ಲಿ ದೊಡ್ಡಮ್ಮ ಒಬ್ಬರೇ. ಸೋರದೆ ಇನ್ನೇನಾಗುತ್ತದೆ?

2020ರ ಸಂಕ್ರಾಂತಿ ಕಳೆದ ಮೇಲೆ ಒಬ್ಬ ಮೇಸ್ತ್ರಿ ಸಿಕ್ಕಿದ. "ಹದಿನೈದು ವರ್ಷ ತಲೆ ಎತ್ತಿ ನೋಡಂಗಿಲ್ಲ ಸಾರ್" ಅಂದ. ಹಳೇ ಮಣ್ಣಿನ ಮೇಲೇ ಕಪ್ಪು ಪ್ಲಾಸ್ಟಿಕ್ ಹಾಸಿ, 2 ಇಂಚು ಕಾಂಕ್ರೀಟ್ ಸುರಿದ. "ಹಳೇದು ಕೆರೀದೆ ಮ್ಯಾಲೆ ಹಾಕ್ತಾನಲ್ಲೋ" ಅಂತ ದೊಡ್ಡಮ್ಮ ಫೋನಿನಲ್ಲಿ ಹೇಳಿದರು. ನಾನೇ ಸುಮ್ಮನಿರಿಸಿದೆ.

ಆಮೇಲೆ ಲೆಕ್ಕ ಹಾಕಿದೆ. ಕಾಂಕ್ರೀಟ್ ಒಂದು ಘನ ಮೀಟರಿಗೆ ಸುಮಾರು 2,400 ಕೆಜಿ. ನಮ್ಮ ಮಾಳಿಗೆ 600 ಚದರ ಅಡಿ. ಅಂದರೆ ಆರೂವರೆ ಟನ್‌ಗೂ ಜಾಸ್ತಿ ಭಾರ! ಕೆಳಗೆ ವರ್ಷ ವರ್ಷ ಹಾಕಿದ ಕರಲು ಮೊಳ ದಪ್ಪ ಕೂತಿತ್ತು, ಅದು ಬೇರೆ.

ಎರಡು ವರ್ಷ ಒಂದು ಹನಿ ಸೋರಲಿಲ್ಲ. ನೆಂಟರಿಗೆಲ್ಲ ಫೋಟೋ ಕಳಿಸಿದ್ದೆ. ಆದರೆ ಕುಂಬಿ (ಮಾಳಿಗೆ ಅಂಚಿನ ಗಿಡ್ಡ ಗೋಡೆ) ಸೇರುವ ಕಡೆ ಕೂದಲೆಳೆಯಂಥ ಬಿರುಕು ಬಿಟ್ಟಿತ್ತು. ಒಳಗಿಳಿದ ನೀರಿಗೆ ಮೇಲೆ ಆರಲು ದಾರಿಯಿಲ್ಲ. ಮಣ್ಣು ನೆಂದೇ ಇತ್ತು. ನೀರು ಮೆಲ್ಲಗೆ ಗೋಡೆಯೊಳಗೆ ಕೂತ ತೊಲೆ ತುದಿಗೆ ಬಂತು, ಹಿಂದೆಯೇ ಗೆದ್ದಲು. ತೊಲೆಗೆ ಪೇಂಟ್ ಬೇರೆ ಹೊಡೆಸಿದ್ದೆವು, ಹೊರಗೆ ಏನೂ ಕಾಣದು. ಅಡುಗೆಮನೆ ಬಾಗಿಲು ಬಿಗಿಯಾಗಿದೆ ಅಂತ ದೊಡ್ಡಮ್ಮ ಹೇಳಿದಾಗ, ಮಳೆಗೆ ಮರ ಉಬ್ಬಿದೆ ಅಂದುಕೊಂಡೆವು. ತೊಲೆ ಬಾಗಿ ಚೌಕಟ್ಟಿನ ಮೇಲೆ ಕೂತಿತ್ತು.

2022, ನಮ್ಮ ಹಿರಿಯೂರಿನ ವಾಣಿ ವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ. ಮಾಳಿಗೆ ಎತ್ತರವಾಗಿದ್ದರಿಂದ ನೀರು ಬೀಳುವ ದೋಣಿ ಅರ್ಧ ಮುಚ್ಚಿಹೋಗಿತ್ತು, ನೀರು ಮೇಲೆ ನಿಂತಿತು. ರಾತ್ರಿ ತೊಲೆ ಮುರಿಯಿತು. ದೊಡ್ಡಮ್ಮ ಪಡಸಾಲೆಯಲ್ಲಿ ಮಲಗಿದ್ದರು, ಉಳಿದರು. ಮೇಸ್ತ್ರಿ ಇವತ್ತಿಗೂ ಫೋನ್ ಎತ್ತಿಲ್ಲ.

ರಿಪೇರಿಗೆ ಬಂದ ಊರಿನ ಅಜ್ಜ ಮೊದಲು ಕೆಳಗೆ ಆಸರೆ ಕಂಬ ಕೊಟ್ಟರು, ಆಮೇಲೇ ಮೇಲೆ ಉಳಿ ಮುಟ್ಟಿಸಿದರು. "ಮ್ಯಾಲೆ ಒಣಗೈತೆ ಅಂತ ನಂಬಬ್ಯಾಡ ಮಗ, ತೊಲೆ ತಲೆ ಚುಚ್ಚಿ ನೋಡು" ಅಂದರು. ಚುಚ್ಚಿದರೆ ಸ್ಕ್ರೂಡ್ರೈವರ್ ಬೆರಳುದ್ದ ಒಳಗೆ ಹೋಯಿತು.

ಕರಲು ಏಕೆ ನೀರು ಬಿಡುವುದಿಲ್ಲ ಅಂತಲೂ ಆಗಲೇ ತಿಳಿಯಿತು. ಅದರಲ್ಲಿ ಸೋಡಿಯಂ ಜಾಸ್ತಿ. ನೆಂದಾಗ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದು ಮುಚ್ಚುತ್ತವೆ. ಬಿಸಿಲು ಬಿದ್ದರೆ ಮತ್ತೆ ಆರುತ್ತದೆ. ಈಗ ಯಾರೋ ಟ್ರ್ಯಾಕ್ಟರಿನಲ್ಲಿ ತಂದು ಕರಲು ಅಂತ ಬರೀ ಬಿಳಿ ಮಣ್ಣು ಮಾರುವುದೂ ಇದೆ. ಒಂದು ಹೆಂಟೆ ಲೋಟದ ನೀರಿಗೆ ಹಾಕಿಡಿ. ಮರುದಿನವೂ ನೀರು ಬಗ್ಗಡವಾಗಿದ್ದರೆ ಒಳ್ಳೆಯ ಕರಲು. ಮಳೆ ನೀರಲ್ಲೇ ನೋಡಿ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಎಂಥ ಕರಲೂ ಬೇಗ ತಿಳಿಯಾಗಿ ಮೋಸ ಹೋಗುತ್ತೀರಿ. ಹಾಕುವ ಮುಂಚೆ ಹಳೆಯದನ್ನು ಕೆರೆದು ತೆಗೆಸಿ. ಮಳೆಯಿಲ್ಲದ ದಿನವೂ ಜಂತೆ ಸಂದಿಯಿಂದ ಮಣ್ಣು ಉದುರುತ್ತಿದ್ದರೆ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ.

ಚಿತ್ರದುರ್ಗದ ಕೋಟೆ ಪಕ್ಕದವರಿಗೆ ಇನ್ನೊಂದು ಮಾತು. ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹಳೇ ಮನೆ ರಿಪೇರಿಗೂ ಅನುಮತಿ ಬೇಕು. ಮೇಸ್ತ್ರಿಗಳು ಇದನ್ನು ಹೇಳುವುದಿಲ್ಲ.

ಸಿಮೆಂಟಿಗೆ ಕೊಟ್ಟದ್ದು 85 ಸಾವಿರ. ಅಡುಗೆಮನೆಯದನ್ನು ಒಡೆಸಿ, ತೊಲೆ ಬದಲಿಸಿ, ಕರಲು ಹಾಕಿಸುವಷ್ಟರಲ್ಲಿ 2 ಲಕ್ಷ ದಾಟಿತು. ಪಡಸಾಲೆ ಮೇಲಿನದು ಇನ್ನೂ ಹಾಗೇ ಇದೆ, ದುಡ್ಡು ಹೊಂದಿಲ್ಲ. ಕೆಳಗೆ ಎರಡು ಆಸರೆ ಕಂಬ ನಿಂತಿವೆ. ದೊಡ್ಡಮ್ಮ ಅವಕ್ಕೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಾರೆ.